ರೇಡಿಯೊದಲ್ಲಿ ನಿಂತುಹೋದ ದನಿ

ನಮಸ್ಕಾರ. ಇವತ್ತು ಒಂದು ವಿಡಿಯೊ ಗೇಮ್ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಗೇಮ್ ಆಡದವರೂ ಸ್ವಲ್ಪ ಹೊತ್ತು ಜೊತೆಗಿರಿ. ಯಾಕೆಂದರೆ ಈ ಗೇಮ್‌ನಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಗುಂಡಿನ ಕಾಳಗ ಅಲ್ಲ, ಬಣ್ಣದ ಚಿತ್ರಗಳೂ ಅಲ್ಲ. ಒಂದು ರೇಡಿಯೊ.

ಗೇಮ್ ಹೆಸರು ವೇಸ್ಟ್‌ಲ್ಯಾಂಡ್ 2. ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ, ಮಾಡಿದವರು ಇನ್‌ಎಕ್ಸೈಲ್ ಎಂಟರ್‌ಟೈನ್‌ಮೆಂಟ್. ಕಥೆ ಶುರುವಾಗುವುದು ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ. ಅಣುಬಾಂಬುಗಳು ಬಿದ್ದು ನೂರು ವರ್ಷ ದಾಟಿದೆ. ಸರ್ಕಾರ ಇಲ್ಲ, ಪೊಲೀಸ್ ಇಲ್ಲ. ಉಳಿದ ಜನ ಅಲ್ಲೊಂದು ಇಲ್ಲೊಂದು ಊರು ಕಟ್ಟಿಕೊಂಡು ದಿನ ದೂಡುತ್ತಿದ್ದಾರೆ. ಅವರನ್ನು ಕಾಯುವ ಹೊಣೆ ಹೊತ್ತಿರುವುದು ಡೆಸರ್ಟ್ ರೇಂಜರ್ಸ್ ಎಂಬ ಪಡೆ. ಆ ಪಡೆಗೆ ಹೊಸದಾಗಿ ಸೇರಿದ ನಾಲ್ಕು ಜನರನ್ನು ನಾವು ನಡೆಸಬೇಕು. ಅವರ ಹೆಸರೇನು, ಯಾರಿಗೆ ಎಷ್ಟು ಬಲ, ಯಾರಿಗೆ ಎಷ್ಟು ಬುದ್ಧಿ, ಯಾರ ಕೈಯಲ್ಲಿ ಯಾವ ಕೆಲಸ ಪಳಗಿದೆ, ಎಲ್ಲ ನಾವೇ ತೀರ್ಮಾನ ಮಾಡಬೇಕು.

ಮೊದಲ ದೃಶ್ಯವೇ ಒಬ್ಬರನ್ನು ಮಣ್ಣು ಮಾಡುವುದು. ಏಸ್ ಎಂಬ ಹಳೆಯ ರೇಂಜರ್ ಕೊಲೆಯಾಗಿದ್ದಾನೆ. ಕೋಟೆಯ ಹೊರಗೆ ಅವನನ್ನು ಹೂಳುತ್ತಾರೆ. ಪಡೆಯ ಮುಖ್ಯಸ್ಥ ಜನರಲ್ ವರ್ಗಾಸ್ ನಮ್ಮನ್ನು ಕರೆದು, ಏಸ್ ಬಿಟ್ಟುಹೋದ ಕೆಲಸ ನೀವು ಮುಗಿಸಿ ಅನ್ನುತ್ತಾನೆ. ಅವನನ್ನು ಕೊಂದವರು ಯಾರು ಅಂತ ಪತ್ತೆ ಮಾಡಬೇಕು, ರೇಡಿಯೊ ಗೋಪುರಗಳಿಗೆ ಒಂದೊಂದು ಯಂತ್ರ ಜೋಡಿಸಿ ದೂರದ ದನಿಗಳು ಕೋಟೆಗೆ ಕೇಳುವ ಹಾಗೆ ಮಾಡಬೇಕು. ಅಲ್ಲಿಯವರೆಗೆ ಕೋಟೆಯ ಒಳಗೆ ಕಾಲಿಡುವ ಹಾಗಿಲ್ಲ. ಹೊಸಬರು, ಇನ್ನೂ ಯಾರಿಗೂ ನಮ್ಮ ಮೇಲೆ ನಂಬಿಕೆ ಬಂದಿಲ್ಲ.

ಅಲ್ಲಿಂದ ಹೊರಟು ಸ್ವಲ್ಪ ದೂರ ಹೋಗಿರುತ್ತೇವೆ, ಅಷ್ಟೇ. ರೇಡಿಯೊ ಕರಕರ ಅನ್ನುತ್ತದೆ. ಆಗ್ ಸೆಂಟರ್ ಎಂಬ ಜಾಗದಿಂದ ಕರೆ. ಅಲ್ಲಿ ವಿಜ್ಞಾನಿಗಳು ಬೆಳೆ ಬೆಳೆಯುತ್ತಾರೆ, ಈ ಭಾಗಕ್ಕೆ ಆಹಾರ ಬರುವುದೇ ಅಲ್ಲಿಂದ. ಈಗ ಅವರ ಗಿಡಗಳೇ ಅವರ ಮೇಲೆ ತಿರುಗಿಬಿದ್ದಿವೆ, ಕಾಪಾಡಿ ಅಂತ ಕೂಗುತ್ತಿದ್ದಾರೆ. ಇನ್ನೊಂದು ಕಡೆಯಿಂದ ಹೈಪೂಲ್ ಎಂಬ ಊರಿನ ಕರೆ. ಅದು ನೀರು ಕೊಡುವ ಊರು. ಅಲ್ಲಿಗೆ ದರೋಡೆಕೋರರು ನುಗ್ಗಿದ್ದಾರೆ. ಎರಡೂ ಒಂದೇ ಹೊತ್ತಿಗೆ. ನಾವಿರುವುದು ಒಂದೇ ತಂಡ.

ನಾನು ಆಗ್ ಸೆಂಟರ್‌ಗೆ ಹೋದೆ. ಯಾಕೆ ಅಂತ ಕೇಳಿದರೆ ದೊಡ್ಡ ಕಾರಣ ಏನೂ ಇಲ್ಲ. ಮೊದಲು ಅವರ ದನಿ ಕಿವಿಗೆ ಬಿತ್ತು, ಅದಕ್ಕೆ ಆ ಕಡೆ ಹೆಜ್ಜೆ ಹಾಕಿದೆ. ಬೇರೆ ಗೇಮ್‌ಗಳಲ್ಲಿ ಇಂಥದ್ದೆಲ್ಲ ನೋಡಿದ್ದೆ. ಎರಡು ಕೆಲಸ ಕೊಡುತ್ತಾರೆ, ಬೇಗ ಬಾ ಅನ್ನುತ್ತಾರೆ, ಒಂದನ್ನು ಮುಗಿಸಿ ನಿಧಾನಕ್ಕೆ ಇನ್ನೊಂದಕ್ಕೆ ಹೋದರೂ ಅಲ್ಲಿ ಎಲ್ಲ ಹಾಗೇ ನಮಗಾಗಿ ಕಾಯುತ್ತಿರುತ್ತದೆ. ಇಲ್ಲೂ ಹಾಗೇ ಅಂದುಕೊಂಡಿದ್ದೆ.

ಆಗ್ ಸೆಂಟರ್ ಒಳಗೆ ಬಳ್ಳಿಗಳು ಗೋಡೆ ಹತ್ತಿದ್ದವು. ಕಾಯಿಗಳು ಹತ್ತಿರ ಹೋದರೆ ಸಿಡಿಯುತ್ತಿದ್ದವು. ಅಲ್ಲಿ ರೋಸ್ ಅನ್ನುವ ವಿಜ್ಞಾನಿ ಸಿಕ್ಕಳು, ನಮ್ಮ ಜೊತೆ ಸೇರಿಕೊಂಡಳು. ನಾನು ಪ್ರತಿ ಮೂಲೆ ಜಾಲಾಡುತ್ತಾ, ಪ್ರತಿ ಪೆಟ್ಟಿಗೆ ತೆಗೆಯುತ್ತಾ ಆರಾಮಾಗಿ ಓಡಾಡುತ್ತಿದ್ದೆ. ಆಗ ಮತ್ತೆ ರೇಡಿಯೊ. ಹೈಪೂಲ್‌ನಿಂದ. ನೀವು ಎಲ್ಲಿದ್ದೀರಿ ಅಂತ ಕೇಳುತ್ತಿದ್ದಾರೆ. ನಾನು ಇನ್ನೊಂದು ಬಾಗಿಲು ತೆಗೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ, ಈ ಸಲ ಬೇಡುತ್ತಿದೆ. ಆಮೇಲೆ ಇನ್ನೊಂದು ಸಲ. ಕೊನೆಗೆ ಏನೂ ಇಲ್ಲ.

ಆ ಮೌನ ನನಗೆ ಅರ್ಥ ಆಗಲು ಒಂದು ನಿಮಿಷ ಬೇಕಾಯಿತು. ಯಾವ ಎಚ್ಚರಿಕೆಯ ಪಟ್ಟಿಯೂ ಪರದೆ ಮೇಲೆ ಬರಲಿಲ್ಲ. ಕೆಂಪು ಅಕ್ಷರದಲ್ಲಿ ನೀವು ಸೋತಿರಿ ಅಂತ ಬರಲಿಲ್ಲ. ಸುಮ್ನೆ ಆ ದನಿ ನಿಂತುಹೋಯಿತು, ನಾನು ಬಳ್ಳಿಗಳ ನಡುವೆ ನಿಂತಿದ್ದೆ. ಆಮೇಲೆ ಹೈಪೂಲ್‌ಗೂ ಹೋಗಿ ನೋಡಿದೆ. ಹೋಗಬಹುದು, ಗೇಮ್ ತಡೆಯುವುದಿಲ್ಲ. ನೋಡುವುದಕ್ಕೆ ಉಳಿದಿರುವುದು ಹಾಳಾದ ಊರು ಮಾತ್ರ.

ಈಗ ನೀವೂ ನನ್ನ ದನಿ ಮಾತ್ರ ಕೇಳುತ್ತಿದ್ದೀರಿ, ಮುಖ ಕಾಣುತ್ತಿಲ್ಲ. ಕಾಣದ ದನಿಗೆ ಒಂದು ಶಕ್ತಿ ಇದೆ, ಕೇಳುವವರ ತಲೆಯೊಳಗೆ ಅದು ತಾನೇ ಒಂದು ಮುಖ ಕಟ್ಟಿಕೊಳ್ಳುತ್ತದೆ. ಹೈಪೂಲ್ ಜನರ ಸಾವನ್ನು ಕಣ್ಣಿಗೆ ತೋರಿಸಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲ ಅನ್ನಿಸುತ್ತದೆ.

ಈ ಗೇಮ್ ಹುಟ್ಟಿದ ಕಥೆಯೂ ಇದಕ್ಕೆ ತಳಕು ಹಾಕಿಕೊಂಡಿದೆ, ಅದನ್ನು ಹೇಳಲೇಬೇಕು. ಮೊದಲ ವೇಸ್ಟ್‌ಲ್ಯಾಂಡ್ ಬಂದದ್ದು 1988ರಲ್ಲಿ. ಇಂಟರ್‌ಪ್ಲೇ ಎಂಬ ಕಂಪನಿ ಮಾಡಿತು, ಎಲೆಕ್ಟ್ರಾನಿಕ್ ಆರ್ಟ್ಸ್ ಹೊರತಂದಿತು. ಇಂಟರ್‌ಪ್ಲೇ ಕಟ್ಟಿದ ಬ್ರಯಾನ್ ಫಾರ್ಗೋ ಅದರ ಹಿಂದಿದ್ದವರು. ಆಗಿನ ಫ್ಲಾಪಿ ಡಿಸ್ಕ್‌ನಲ್ಲಿ ಜಾಗ ತೀರಾ ಕಡಿಮೆ. ಕಥೆಯ ಬರಹವೆಲ್ಲ ಅದರಲ್ಲಿ ಹಿಡಿಯುತ್ತಿರಲಿಲ್ಲ. ಅದಕ್ಕೆ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಡಬ್ಬಿಯಲ್ಲಿಟ್ಟರು. ಆಟದ ನಡುವೆ ಇಂಥ ನಂಬರಿನ ಪ್ಯಾರಾ ಓದಿ ಅಂತ ಬರುತ್ತದೆ, ನಾವು ಪುಸ್ತಕ ತೆಗೆದು ಓದಬೇಕು. ಕೆಲವರು ಮುಂಚೆಯೇ ಪೂರ್ತಿ ಓದಿ ಕಥೆ ತಿಳಿದುಕೊಳ್ಳಲು ನೋಡುತ್ತಾರಲ್ಲ, ಅವರಿಗಾಗಿಯೇ ನಡುನಡುವೆ ಸುಳ್ಳು ಪ್ಯಾರಾಗಳನ್ನೂ ಸೇರಿಸಿದ್ದರು. ಮಂಗಳ ಗ್ರಹದವರ ದಾಳಿ ಅಂತ ಆಟದಲ್ಲಿ ಇಲ್ಲವೇ ಇಲ್ಲದ ಒಂದು ಕಥೆಯೇ ಅದರಲ್ಲಿತ್ತು. ನನಗೆ ಈ ವಿಷಯ ಬಹಳ ಇಷ್ಟ. ಓದುವ ಜನರ ಬಗ್ಗೆ ಅಷ್ಟು ಯೋಚನೆ ಮಾಡಿ ಬರೆದಿದ್ದಾರೆ ಅಲ್ವಾ.

ವೇಸ್ಟ್‌ಲ್ಯಾಂಡ್ ಅನ್ನುವ ಹೆಸರಿನ ಹಕ್ಕು ಇಂಟರ್‌ಪ್ಲೇ ಕೈಯಲ್ಲಿ ಇರಲಿಲ್ಲ. ಹಾಗಾಗಿ ಮುಂದಿನ ಭಾಗ ಮಾಡಲು ಆಗದೆ, ಅದೇ ಮನಸ್ಸಿನಿಂದ 1997ರಲ್ಲಿ ಫಾಲ್‌ಔಟ್ ಎಂಬ ಬೇರೆ ಗೇಮ್ ಮಾಡಿದರು. ಅದು ಜಗತ್ತಿನಲ್ಲೆಲ್ಲ ಹೆಸರು ಮಾಡಿತು, ವೇಸ್ಟ್‌ಲ್ಯಾಂಡ್ ಹಿಂದೆ ಉಳಿಯಿತು. ಮುಂದೆ ಫಾರ್ಗೋ ಇನ್‌ಎಕ್ಸೈಲ್ ಶುರು ಮಾಡಿದರು. ವೇಸ್ಟ್‌ಲ್ಯಾಂಡ್ ಮಾಡೋಣ ಅಂತ ದುಡ್ಡು ಹಾಕುವ ಕಂಪನಿಗಳ ಬಾಗಿಲು ತಟ್ಟಿದರು. ಯಾರೂ ತೆಗೆಯಲಿಲ್ಲ. ಮೇಲಿನಿಂದ ನೋಡುತ್ತಾ, ಸರದಿ ಪ್ರಕಾರ ಒಬ್ಬೊಬ್ಬರೇ ಹೆಜ್ಜೆ ಇಟ್ಟು ಹೊಡೆದಾಡುವ, ಪುಟಗಟ್ಟಲೆ ಓದಿಸುವ ಗೇಮ್ ಯಾರಿಗೆ ಬೇಕು ಅನ್ನುವ ಕಾಲ ಅದು.

2012ರ ಫೆಬ್ರವರಿಯಲ್ಲಿ ಡಬಲ್ ಫೈನ್ ಎಂಬ ಇನ್ನೊಂದು ತಂಡ ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಹಣ ಕೂಡಿಸುವ ವೆಬ್‌ಸೈಟ್ ಮೂಲಕ ನೇರವಾಗಿ ಆಟಗಾರರಿಂದಲೇ ಹಣ ಕೂಡಿಸಿ ತೋರಿಸಿತು. ಮಾರ್ಚ್‌ನಲ್ಲಿ ಫಾರ್ಗೋ ಅದೇ ದಾರಿ ಹಿಡಿದರು. ಕೇಳಿದ್ದು 9 ಲಕ್ಷ ಡಾಲರ್. ಎರಡು ದಿನ ಆಗುವುದರೊಳಗೆ ಅಷ್ಟೂ ಬಂತು. ಏಪ್ರಿಲ್‌ನಲ್ಲಿ ಮುಗಿದಾಗ 61 ಸಾವಿರಕ್ಕೂ ಹೆಚ್ಚು ಜನ ಸೇರಿ 29 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟಿದ್ದರು. ಒಂದು ಮಾತು ನನಗೆ ಹಿಡಿಸಿತು. ಲಾಭ ಬಂದರೆ ಅದರಲ್ಲಿ ನೂರಕ್ಕೆ 5 ಪಾಲನ್ನು ಇದೇ ಥರ ಹಣ ಕೇಳುವ ಬೇರೆ ತಂಡಗಳಿಗೆ ಹಾಕುತ್ತೇವೆ ಅಂತ ಫಾರ್ಗೋ ಹೇಳಿದ್ದರು.

ಹೇಳಿದ ಸಮಯಕ್ಕೆ ಗೇಮ್ ಬರಲಿಲ್ಲ. 2013ರ ಅಕ್ಟೋಬರ್ ಅಂದಿದ್ದು ಹೆಚ್ಚು ಕಡಿಮೆ ಒಂದು ವರ್ಷ ತಡವಾಯಿತು. ಕೊಟ್ಟ ಹಣ ಹೆಚ್ಚಾದಷ್ಟೂ ಮಾಡಬೇಕಾದ ಕೆಲಸವೂ ಬೆಳೆಯುತ್ತದೆ, ಇದು ಇಂಥ ಗೇಮ್‌ಗಳಲ್ಲಿ ಆಗುತ್ತಲೇ ಇರುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹೈಪೂಲ್ ಅಂದರೆ ಪೂರ್ತಿ ಒಂದು ಊರು. ಅದಕ್ಕೆ ಮನೆ, ಜನ, ಮಾತು, ಜಗಳ, ಒಗಟು ಎಲ್ಲ ತಿಂಗಳುಗಟ್ಟಲೆ ಕೂತು ಮಾಡಿರುತ್ತಾರೆ. ಆಗ್ ಸೆಂಟರ್ ಕೂಡ ಹಾಗೇ. ಆದರೆ ಒಂದು ಸಲ ಆಡುವವನು ಅದರಲ್ಲಿ ಒಂದನ್ನು ಮಾತ್ರ ಜೀವಂತ ನೋಡುತ್ತಾನೆ. ಲೆಕ್ಕ ಹಾಕುವ ಕಂಪನಿಯವರು ಇದನ್ನು ಒಪ್ಪುವುದು ಕಷ್ಟ. ಇಷ್ಟು ಖರ್ಚು ಮಾಡಿ ಕಟ್ಟಿದ ಊರನ್ನು ಜನ ನೋಡದೇ ಹೋದರೆ ಹೇಗೆ ಅನ್ನುತ್ತಾರೆ. ಇಲ್ಲಿ ದುಡ್ಡು ಕೊಟ್ಟವರು ಬೇರೆ ಜನ. ಅವರು 1988ರ ಆಟ ಆಡಿ ಬೆಳೆದವರು, ಅಥವಾ ಅದರ ಕಥೆ ಕೇಳಿದವರು. ತಪ್ಪಿದರೆ ತಪ್ಪಿತು, ಹೋದವರು ಹೋದರು ಅನ್ನುವಂಥ ಗೇಮ್ ಬೇಕು ಅಂತಲೇ ಅವರು ಗೇಮ್ ತಯಾರಾಗುವ ಮೊದಲೇ ಹಣ ಕೊಟ್ಟರು. ಹೈಪೂಲ್‌ನ ದನಿ ನಿಂತುಹೋಗಲು ಬಿಟ್ಟದ್ದು ಆ ಹಣ ಅಂತ ನಾನು ನಂಬುತ್ತೇನೆ.

ಹಳಬರಿಗೆ ಇನ್ನೊಂದು ಉಡುಗೊರೆಯೂ ಇತ್ತು. 1988ರ ಆಟದಲ್ಲಿ ನಮ್ಮ ಕೈಗೆ ಸಿಗುತ್ತಿದ್ದ ರೇಂಜರ್‌ಗಳಲ್ಲಿ ಸ್ನೇಕ್ ವರ್ಗಾಸ್ ಒಬ್ಬ, ಆಂಜೆಲಾ ಡೆತ್ ಒಬ್ಬಳು. ಎರಡನೆಯದರಲ್ಲಿ ಆ ವರ್ಗಾಸ್ ಜನರಲ್ ಆಗಿದ್ದಾನೆ, ಆಂಜೆಲಾ ಸ್ವಲ್ಪ ದಿನ ನಮ್ಮ ಹೊಸಬರ ಜೊತೆ ನಡೆಯುತ್ತಾಳೆ. ತಾವು ಆಡಿಸಿದ ಪಾತ್ರಗಳೇ ತಲೆ ನರೆತು ಎದುರು ನಿಂತರೆ ಆ ಹಳಬರಿಗೆ ಹೇಗಾಗಿರಬೇಡ.

ಇನ್ನು ಆಡುವಾಗಿನ ಅನುಭವ. ಇದರಲ್ಲಿ ಎಲ್ಲದಕ್ಕೂ ಒಂದೊಂದು ಕಲೆ ಬೇಕು. ಬೀಗ ತೆಗೆಯುವುದು ಒಂದು, ತಿಜೋರಿ ತೆಗೆಯುವುದು ಬೇರೆ, ಅಲಾರಂ ಬಿಚ್ಚುವುದು ಮತ್ತೂ ಬೇರೆ. ಟೋಸ್ಟರ್ ರಿಪೇರಿ ಅಂತಲೂ ಒಂದಿದೆ. ಮೊದಲು ನೋಡಿದಾಗ ಇದು ಯಾಕಪ್ಪಾ ಅನ್ನಿಸುತ್ತದೆ, ಆದರೆ ಮರುಭೂಮಿಯಲ್ಲಿ ಬಿದ್ದಿರುವ ಹಳೆಯ ಟೋಸ್ಟರ್ ಬಿಚ್ಚಿದರೆ ಒಳಗೆ ಏನೋ ಒಂದು ವಸ್ತು ಸಿಗುತ್ತದೆ, ಎಲ್ಲೋ ದೂರದ ಊರಿನಲ್ಲಿ ಅದಕ್ಕಾಗಿ ಒಬ್ಬರು ಕಾಯುತ್ತಿರುತ್ತಾರೆ. ಮಾತಿಗೂ ಮೂರು ಕಲೆ. ಜಾಣತನದಿಂದ ಮಾತಾಡುವುದು, ಹೆದರಿಸುವುದು, ಬೆಣ್ಣೆ ಹಚ್ಚುವುದು. ಮೂರನ್ನೂ ಒಬ್ಬನಿಗೇ ಕಲಿಸಲು ಹೋದರೆ ಅವನಿಗೆ ಬಂದೂಕು ಹಿಡಿಯಲು ಬರುವುದಿಲ್ಲ. ಹಂಚಿ ಕಲಿಸಬೇಕು. ನನ್ನ ತಂಡದಲ್ಲಿ ಹೆದರಿಸುವವಳು ಒಬ್ಬಳಿದ್ದಳು, ಎಷ್ಟೋ ಕಡೆ ಗುಂಡು ಹಾರಿಸದೇ ಕೆಲಸ ಮುಗಿಸಿಕೊಟ್ಟಳು.

ಬೀಗದ ಹತ್ತಿರ ಹೋದರೆ ನೂರಕ್ಕೆ ಇಷ್ಟು ಅಂತ ಒಂದು ಲೆಕ್ಕ ಕಾಣುತ್ತದೆ. ಅದೃಷ್ಟ ತೀರಾ ಕೆಟ್ಟರೆ ಬೀಗ ಜಾಮ್ ಆಗುತ್ತದೆ, ಮತ್ತೆ ಬೀಗ ತೆಗೆಯುವ ಕಡ್ಡಿಗೆ ಅದು ಬಗ್ಗುವುದಿಲ್ಲ. ತುಂಬಾ ಜನಕ್ಕೆ ಸಿಟ್ಟು ಬರುವುದು ಇಲ್ಲೇ. ಸೇವ್ ಮಾಡಿಟ್ಟ ಜಾಗಕ್ಕೆ ವಾಪಸ್ ಹೋಗಿ, ತೆಗೆಯುವ ತನಕ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದರೆ ಹೈಪೂಲ್ ಕೂಡ ಒಂದು ಬೀಗ ಆಗಿಬಿಡುತ್ತದೆ, ವಾಪಸ್ ಹೋಗಿ ಸರಿ ಮಾಡಿದರೆ ಆಯಿತು ಅನ್ನಿಸುತ್ತದೆ. ಒಂದು ಸಲವಾದರೂ ಆದದ್ದು ಆಯಿತು ಅಂತ ಮುಂದೆ ನಡೆಯಿರಿ. ಕಾಳಗದ ನಡುವೆ ಬಂದೂಕು ಜಾಮ್ ಆಗಲಿ, ಮರುಭೂಮಿಯಲ್ಲಿ ನಡೆಯುವಾಗ ನೀರು ಬತ್ತುತ್ತಾ ಬರಲಿ, ಹಸಿರು ವಿಕಿರಣದ ಮೋಡ ಸುತ್ತಿ ಬಳಸಿ ಹೋಗಬೇಕಾಗಲಿ, ಕೊನೆಗೊಂದು ಒಯಸಿಸ್ ಕಂಡಾಗ ಆಗುವ ಸಮಾಧಾನ ಇದೆಯಲ್ಲ, ಅದು ವಾಪಸ್ ಹೋಗುವವರಿಗೆ ಸಿಗುವುದಿಲ್ಲ.

ಕೊರತೆಗಳೂ ಇವೆ. ಸಾಮಾನು ಹೊರುವ, ಹಂಚುವ ಕೆಲಸ ಬೇಸರ ತರಿಸುತ್ತದೆ. ಕ್ಯಾಮೆರಾ ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. ಅರ್ಧದ ಮೇಲೆ ಕಥೆ ಲಾಸ್ ಏಂಜಲೀಸ್‌ಗೆ ಹೋಗುತ್ತದೆ, ಅಲ್ಲಿ ಅರಿಜೋನಾದಷ್ಟು ಹದ ಇಲ್ಲ ಅಂತ ನನಗನ್ನಿಸಿತು. ಅರಿಜೋನಾದಲ್ಲಿ ರೈಲು ಹಳಿಗಳ ಪಕ್ಕ ಬದುಕುವ ಎರಡು ಪಂಗಡಗಳಿವೆ, ಅಚಿಸನ್ ಮತ್ತು ಟೊಪೀಕಾ. ಹಳೆಯ ಅಮೆರಿಕದ ಒಂದು ನಿಜವಾದ ರೈಲ್ವೆ ಕಂಪನಿಯ ಹೆಸರಿನಲ್ಲಿದ್ದ ಎರಡು ಊರುಗಳು ಅವು. ಕಂಪನಿ ಹೋಗಿದೆ, ಹೆಸರು ಜನಾಂಗವಾಗಿ ಉಳಿದಿದೆ, ಈಗ ಆ ಎರಡು ಹೆಸರುಗಳೇ ಹೊಡೆದಾಡುತ್ತಿವೆ. ಇಂಥ ಕಲ್ಪನೆ ಎರಡನೇ ಅರ್ಧದಲ್ಲಿ ನನಗೆ ಕಡಿಮೆ ಸಿಕ್ಕಿತು.

2015ರಲ್ಲಿ ಡೈರೆಕ್ಟರ್ಸ್ ಕಟ್ ಅಂತ ತಿದ್ದಿದ ರೂಪ ಬಂತು. ಮೊದಲೇ ಗೇಮ್ ಇದ್ದವರಿಗೆ ಅದು ಪುಕ್ಕಟೆ. ಚಿತ್ರ ಸುಧಾರಿಸಿತ್ತು, ಮುಂಚೆ ಬರೀ ಬರಹವಾಗಿದ್ದ ಎಷ್ಟೋ ಮಾತುಗಳಿಗೆ ದನಿ ಬಂದಿತ್ತು. ಈಗ ಶುರು ಮಾಡುವವರು ಅದನ್ನೇ ಆಡಿ.

ನಾನೂ ಅದರಲ್ಲೇ ಎರಡನೇ ಸಲ ಆಡಿದೆ. ಈ ಸಲ ಮೊದಲು ಹೈಪೂಲ್. ಮುಂಚೆ ಬೂದಿಯಾಗಿ ನೋಡಿದ್ದ ಊರಿನಲ್ಲಿ ಜನ ಓಡಾಡುತ್ತಿದ್ದರು. ಅವರನ್ನು ಒಬ್ಬೊಬ್ಬರನ್ನೇ ಮಾತಾಡಿಸಿದೆ, ಮೊದಲ ಸಲ ರೇಡಿಯೊದಲ್ಲಿ ಕೂಗಿದ್ದು ಇವರೇ ಇರಬೇಕು ಅಂದುಕೊಂಡು. ಅಲ್ಲಿನ ಜೈಲಿನಲ್ಲಿ ವಲ್ಚರ್ಸ್ ಕ್ರೈ ಎಂಬ ಹೆಂಗಸು ಇದ್ದಳು. ಹೊರಗೆ ಬಂದು ನಮ್ಮ ಜೊತೆ ಸೇರಿದಳು. ಗುರಿ ಇಟ್ಟರೆ ತಪ್ಪದವಳು. ಅವಳ ಜೊತೆ ಊರಿನೊಳಗೆ ನಡೆಯುತ್ತಿದ್ದಾಗ ರೇಡಿಯೊ ಮತ್ತೆ ಕರಕರ ಅಂದಿತು. ಆಗ್ ಸೆಂಟರ್. ಗಿಡಗಳು ಒಳಗೆ ಬಂದಿವೆ, ಎಲ್ಲಿದ್ದೀರಿ ನೀವು ಅಂತ.

ಆ ಜಾಗದ ಒಂದೊಂದು ಬಾಗಿಲೂ ನನಗೆ ಗೊತ್ತಿತ್ತು. ಬಳ್ಳಿ ಯಾವ ಗೋಡೆ ಹತ್ತಿದೆ, ಕಾಯಿ ಎಲ್ಲಿ ಸಿಡಿಯುತ್ತದೆ, ಎಲ್ಲ ಗೊತ್ತಿತ್ತು. ದನಿ ಇನ್ನೆರಡು ಸಲ ಬಂತು, ಆಮೇಲೆ ಬರಲಿಲ್ಲ. ಆ ಸಲ ಕೊನೆಯವರೆಗೂ ನಮ್ಮ ತಂಡದಲ್ಲಿ ರೋಸ್ ಇರಲಿಲ್ಲ.