ಕೈ ಭಾರ ಅನ್ನಿಸಿದರೆ ಅಂದೇ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ನರ್ಸಿಂಗ್ ಪ್ರಾಧ್ಯಾಪಕಿ. ಸ್ತನ ಕ್ಯಾನ್ಸರ್ ಮೇಲೆ ಸಂಶೋಧನೆ ಮಾಡುತ್ತೇನೆ ಅಂದ ತಕ್ಷಣ ಜನ ಕೇಳುವುದು ಒಂದೇ: 'ಹೊಸ ಔಷಧಿ ಕಂಡುಹಿಡಿದಿರಾ ಮೇಡಂ?' ಇಲ್ಲ. ನನ್ನ ಬ್ಯಾಗಿನಲ್ಲಿರುವುದು ದರ್ಜಿಯ ಅಳತೆ ಟೇಪು. ಆಪರೇಷನ್ ಮುಗಿಸಿ ಮನೆಗೆ ಹೋದವರ ತೋಳು ಅಳೆಯುತ್ತೇನೆ. ನಗಬೇಡಿ, ನನ್ನ ಅರ್ಧ ಆಯುಸ್ಸು ಅದರಲ್ಲೇ ಕಳೆದಿದೆ.

ತೋಳು ಯಾಕೆ ಅಂತೀರಾ? ಈ ಕಾಯಿಲೆ ಹರಡಿದರೆ ಸಾಮಾನ್ಯವಾಗಿ ಮೊದಲು ಕಂಕುಳಿನ ದುಗ್ಧರಸ ಗ್ರಂಥಿಗಳಿಗೆ, ಅಂದರೆ ಮೈಯ ನೀರನ್ನು ಸೋಸುವ ಪುಟ್ಟ ಗ್ರಂಥಿಗಳಿಗೆ ಬರುತ್ತದೆ. ಅವನ್ನು ತೆಗೆದರೆ ತೋಳಿನ ನೀರು ಹರಿದುಹೋಗುವ ದಾರಿ ಕಟ್ಟಿಕೊಳ್ಳಬಹುದು. ಆಗ ಕೈ ಊದುತ್ತದೆ. ಇದಕ್ಕೆ ಲಿಂಫೆಡೀಮಾ ಅಂತಾರೆ. ಕೆಲವರಿಗೆ ವರ್ಷಗಳಾದ ಮೇಲೂ ಬರುತ್ತದೆ. ಅದಕ್ಕೇ ಹೇಳುವುದು: ಕೈ ಭಾರ ಅನ್ನಿಸಿದರೆ ಅಂದೇ ಹೇಳಿ.

ಇದನ್ನು ನನಗೆ ಕಲಿಸಿದವರು ಒಬ್ಬ ಹಿರಿಯ ಹೆಂಗಸು. ಆಗ ನಾನು ಹೊಸಬಳು, ಟೇಪಿನ ಮೇಲೆ ವಿಪರೀತ ನಂಬಿಕೆ. ಎರಡೂ ತೋಳಿಗೆ ಎರಡು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಊತ, ಇಲ್ಲದಿದ್ದರೆ ಇಲ್ಲ, ಅಷ್ಟೇ ಲೆಕ್ಕ. ಅವರದನ್ನು ಅಳೆದೆ. ಒಂದು ಸೆಂಟಿಮೀಟರೂ ಇಲ್ಲ. 'ಏನೂ ಇಲ್ಲಮ್ಮ' ಅಂದೆ. ಅವರು ಸುಮ್ನೆ ಕೈಗಡಿಯಾರ ಬಿಚ್ಚಿ ಮುಂದೆ ಹಿಡಿದರು. ಚರ್ಮದ ಪಟ್ಟಿ. ಮೂರನೇ ತೂತು ಸವೆದು ಅಗಲವಾಗಿತ್ತು. ವರ್ಷಗಟ್ಟಲೆ ಅಲ್ಲೇ ಹಾಕುತ್ತಿದ್ದರು. ಈಗ ಕೊಕ್ಕೆ ಎರಡನೆಯದರಲ್ಲಿ. 'ಸಂಜೆಯಾದರೆ ಮೊದಲನೆಯದಕ್ಕೆ ಬರ್ತೀನಿ ನೋಡಮ್ಮ. ಕೈಯಲ್ಲಿ ಕಲ್ಲು ಕಟ್ಟಿದ ಹಾಗಿದೆ' ಅಂದರು. ನಾನು ನಕ್ಕು, ಫಾರಂನಲ್ಲಿ 'ಊತವಿಲ್ಲ' ಅಂತ ಬರೆದೆ. ನಾಲ್ಕು ತಿಂಗಳಿಗೆ ಮತ್ತೆ ಬಂದಾಗ ಟೇಪು ಬೇಕಾಗಿಯೇ ಇರಲಿಲ್ಲ. ಗಡಿಯಾರ ಪರ್ಸಿನಲ್ಲಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಟೇಪಿಗೆ ಸಿಗುವ ಮೊದಲೇ ಊತ ಅವರಿಗೆ ಗೊತ್ತಾಗಿತ್ತು. ಬೇಗ ಸಿಕ್ಕಿದರೆ ಒತ್ತುವ ತೋಳುಚೀಲ, ವ್ಯಾಯಾಮ, ಚರ್ಮದ ಆರೈಕೆ ಇವುಗಳಿಂದ ಹಿಡಿತದಲ್ಲಿಡುವುದು ಸುಲಭ. ತಡವಾದರೆ ಚರ್ಮ ಗಟ್ಟಿಯಾಗುತ್ತದೆ, ಆಮೇಲೆ ಕಷ್ಟ. ಈಗ ನನ್ನ ಫಾರಂನಲ್ಲಿ ಮೊದಲ ಪ್ರಶ್ನೆ 'ಕೈ ಹೇಗನ್ನಿಸುತ್ತದೆ?' ಟೇಪು ಆಮೇಲೆ. ಡಾಕ್ಟರ್ ಅವಸರದಲ್ಲಿದ್ದಾರೆ ಅಂತ ಸುಮ್ಮನಿರುತ್ತೀರಲ್ಲ, ಅದು ನನಗೆ ಸಿಟ್ಟು ಬರಿಸುತ್ತದೆ. ಇರಲಿ ಬಿಡಿ ಅವಸರ. ಅಂದೇ ಹೇಳಿ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯ್ತಂತೆ. ಬೇಗ ಹೇಳಿಬಿಡುತ್ತೇನೆ. ಈಗ ಎಷ್ಟೋ ಜನರಿಗೆ ಕಂಕುಳಿನಲ್ಲಿ ಕಾಯಿಲೆ ಮೊದಲು ತಲುಪುವ ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸುತ್ತಾರೆ, ಹಾಗಾಗಿ ಊತ ಕಡಿಮೆಯಾಗಿದೆ. ಚಿಕಿತ್ಸೆಯ ಸುಸ್ತಿಗೆ ಬರೀ ಮಲಗುವುದಕ್ಕಿಂತ ಸ್ವಲ್ಪ ನಡೆಯುವುದು ಜಾಸ್ತಿ ಒಳ್ಳೆಯದು. ಸ್ತನದಲ್ಲಿ ಗಂಟು ನೋಯುತ್ತಿಲ್ಲ ಅಂತ ಸುಮ್ಮನಿರಬೇಡಿ, ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನಿದ್ದೆ, ಮೈ ಬಿಸಿಯೇರುವುದು, ಇವಕ್ಕೆ ಎರಡು ಹಾಳೆ ಬರೆದುಕೊಂಡು ಬಂದಿದ್ದೆ. ಹಾಗೇ ಉಳಿಯಿತು. ಗಡಿಯಾರದ ಕಥೆ ಶುರು ಮಾಡಿದರೆ ಯಾವಾಗಲೂ ಹೀಗೇ. ನಮಸ್ಕಾರ.