ಶೇಕಡಾ ಎಷ್ಟು ಎಂದಲ್ಲ, ಎಷ್ಟು ವರ್ಷ ಎಂದು ಕೇಳಿ

ನಮಸ್ಕಾರ. ಹಿಂದಿನ ಸಂಚಿಕೆಗೆ ವೀಕ್ಷಕರೊಬ್ಬರು, "ಸರ್, ಈಗ ಸಿಲಿಕಾನ್ ಸೌರ ಫಲಕ ಹಾಕಿಸುವುದು ದಂಡ, ಎರಡು ವರ್ಷ ಕಾದರೆ ಪೆರೊವ್‌ಸ್ಕೈಟ್ ಬರುತ್ತದೆ, ಅದರ ದಕ್ಷತೆ ಶೇ 34 ದಾಟಿದೆ" ಎಂದು ಬರೆದಿದ್ದಾರೆ. ಪೆರೊವ್‌ಸ್ಕೈಟ್ ಎಂದರೆ ಬಿಸಿಲಿನಿಂದ ವಿದ್ಯುತ್ ತೆಗೆಯುವ ಹೊಸ ಬಗೆಯ ವಸ್ತು; ದಕ್ಷತೆ ಎಂದರೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ವಿದ್ಯುತ್ತಾಗುತ್ತದೆ ಎಂಬುದು. ಆ ಮಾತನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಅಂಕಿಯೇನೋ ನಿಜ. ಸಿಲಿಕಾನ್ ಮೇಲೆ ಪೆರೊವ್‌ಸ್ಕೈಟ್ ಪದರ ಕೂರಿಸಿದ ಸೌರ ಕೋಶದಲ್ಲಿ ಚೀನಾದ ಲಾಂಗಿ ಕಂಪನಿ 2024ರಲ್ಲಿ ಶೇ 34.6 ತಲುಪಿತು; ಆದರೆ ಆ ಕೋಶ ಹೆಬ್ಬೆರಳಿನ ಉಗುರಿನಷ್ಟು. ಫಲಕ ಕೊಳ್ಳುವವರೂ ಅದಕ್ಕೆ ಸಾಲ ಕೊಡುವ ಬ್ಯಾಂಕಿನವರೂ ಮೊದಲು ಕೇಳುವುದು, ಇದು ಎಷ್ಟು ವರ್ಷ ಬಾಳುತ್ತದೆ ಎಂದು.

2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಶೇ 3.8 ದಕ್ಷತೆಯ ಮೊದಲ ಪೆರೊವ್‌ಸ್ಕೈಟ್ ಕೋಶವನ್ನು ಪ್ರಕಟಿಸಿದಾಗ ಅದರ ಆಯುಸ್ಸು ನಿಮಿಷಗಳ ಲೆಕ್ಕದಲ್ಲಿತ್ತು. ಅಲ್ಲಿಂದ ಇಲ್ಲಿಗೆ ಬಂದದ್ದು ದೊಡ್ಡ ಸಾಧನೆಯೇ. ಆಕ್ಸ್‌ಫರ್ಡ್ ಪಿವಿ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಶೇ 24.5 ದಕ್ಷತೆಯ ಫಲಕಗಳನ್ನು ಅಮೆರಿಕದ ಗ್ರಾಹಕರಿಗೆ ಕಳುಹಿಸಿಯೂ ಆಯಿತು. ಸಂತೋಷ. ಆದರೆ ತೇವ, ಬಿಸಿ, ನೇರಳಾತೀತ ಕಿರಣ ಈ ಮೂರನ್ನೂ ತಡೆದುಕೊಂಡು ಎಷ್ಟು ವರ್ಷ? ಸಿಲಿಕಾನ್ ಫಲಕಕ್ಕೆ 25 ವರ್ಷಗಳ ಖಾತರಿ ಕೊಡುವುದು ಇವತ್ತು ಮಾಮೂಲು.

"85 ಡಿಗ್ರಿ ಬಿಸಿ, ಶೇ 85 ತೇವದ 1,000 ಗಂಟೆಗಳ ಪರೀಕ್ಷೆಯಲ್ಲಿ ಪೆರೊವ್‌ಸ್ಕೈಟ್ ಪಾಸಾಗಿದೆಯಲ್ಲ" ಎನ್ನುವವರಿದ್ದಾರೆ. 1,000 ಗಂಟೆ ಎಂದರೆ 42 ದಿನ, ಸ್ವಾಮಿ! ಅದು ವೇಗವರ್ಧಿತ ಪರೀಕ್ಷೆ, ಅಂದರೆ ವರ್ಷಗಳ ಸವೆತವನ್ನು ಕೆಲವೇ ದಿನಗಳಲ್ಲಿ ಅಂದಾಜಿಸುವ ಪರೀಕ್ಷೆ ಎಂದು ನನಗೂ ಗೊತ್ತು. ಆದರೆ 2,050 ಮೆಗಾವಾಟಿನ ಪಾವಗಡ ಸೌರ ಉದ್ಯಾನದ ಬೇಸಿಗೆಗೆ ಅದು ಗೊತ್ತಿರಬೇಕಲ್ಲ.

"ಕ್ಯಾಡ್ಮಿಯಂ ಟೆಲ್ಯೂರೈಡ್ ಗೆಲ್ಲಲಿಲ್ಲವೇ" ಎಂದೂ ಕೇಳುತ್ತಾರೆ. ಅದೂ ಸಿಲಿಕಾನ್ ಬದಲು ಬಳಸುವ ತೆಳುಪದರದ ಸೌರ ವಸ್ತುವೇ. ಗೆದ್ದಿದೆ, ಅಮೆರಿಕದ ಫಸ್ಟ್ ಸೋಲಾರ್ ಕಂಪನಿ ತಮಿಳುನಾಡಿನಲ್ಲಿ ಅದರ ಕಾರ್ಖಾನೆಯನ್ನೇ ತೆರೆದಿದೆ. ಅದು ಗೆದ್ದದ್ದು ವರ್ಷಾನುಗಟ್ಟಲೆ ಬಿಸಿಲಿನಲ್ಲಿ ನಿಂತು ತೋರಿಸಿದ ಮೇಲೆ. ಮತ್ತೆ ವರ್ಷದ ಮಾತೇ ಬಂತು ನೋಡಿ! ಇನ್ನೊಂದು ಕಡೆ, 53.5 ಕೋಟಿ ಡಾಲರಿನ ಸರ್ಕಾರಿ ಸಾಲ ಖಾತರಿ ಪಡೆದಿದ್ದ ಅಮೆರಿಕದ ಸೊಲಿಂಡ್ರಾ ಕಂಪನಿ, ತೆಳುಪದರದ ಸೌರ ಕೊಳವೆಗಳನ್ನು ಮಾರಲು ಹೊರಟು 2011ರಲ್ಲಿ ದಿವಾಳಿಯಾಯಿತು, ಏಕೆಂದರೆ ಅಷ್ಟರಲ್ಲಿ ಸಿಲಿಕಾನಿನ ಬೆಲೆ ಕುಸಿದಿತ್ತು.

ಪೆರೊವ್‌ಸ್ಕೈಟ್ ಕೋಶಗಳಲ್ಲಿರುವ ಸೀಸದ ವಿಷಯ ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆ ಸಂಚಿಕೆ ಮಾಡುತ್ತೇನೆ, ಚಂದಾದಾರರಾಗದವರು ಈಗಲೇ ಆಗಿಬಿಡಿ. ಅಲ್ಲಿಯೂ ನಾನು ಇದನ್ನೇ ಕೇಳುವವನು: ಎಷ್ಟು ವರ್ಷ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಉತ್ತರಿಸಲಿ. ಎರಡು ವರ್ಷ ಕಾಯುತ್ತೇನೆಂದ ವೀಕ್ಷಕರೇ, ಆ ಎರಡು ವರ್ಷಗಳ ವಿದ್ಯುತ್ ಬಿಲ್ಲುಗಳನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಿ. ಅವನ್ನು ಕೂಡಿಸಿ ನೋಡುವುದಕ್ಕೇ ಒಂದು ಸಂಚಿಕೆ ಮಾಡೋಣ.