ಮೂರು ಮದುವೆ, ಒಂದು ಜಮೀನು: ಲೇಡಿ ಫ್ರಾನ್ಸಿಸ್ ಬರ್ಕ್ಲಿಯ ಜಾಡು ಹಿಡಿದು

ನಮಸ್ಕಾರ ಎಲ್ಲರಿಗೂ. ಸ್ಕ್ರೀನ್ ಮೇಲೆ ಕಾಣುತ್ತಿರುವ ಈ ಹಳೇ ಇಟ್ಟಿಗೆ ಗೋಡೆ ಅಮೆರಿಕದ ವರ್ಜೀನಿಯಾದ ಗ್ರೀನ್ ಸ್ಪ್ರಿಂಗ್ ಎಸ್ಟೇಟಿನದು. ಆಗಿನ ವರ್ಜೀನಿಯಾ ವಸಾಹತಿನ ರಾಜಧಾನಿ ಜೇಮ್ಸ್‌ಟೌನ್‌ಗೆ ಹತ್ತಿರದ ಜಾಗ. 1670ರಿಂದ ಸುಮಾರು 25 ವರ್ಷ ಈ ಮನೆಯ ಒಡತಿಯಾಗಿದ್ದವಳು ಫ್ರಾನ್ಸಿಸ್ ಕಲ್ಪೆಪರ್. ಆಮೇಲೆ ಫ್ರಾನ್ಸಿಸ್ ಸ್ಟೀಫನ್ಸ್. ಆಮೇಲೆ ಲೇಡಿ ಬರ್ಕ್ಲಿ. ಆಮೇಲೆ ಕಾನೂನಿನ ಪ್ರಕಾರ ಮಿಸೆಸ್ ಲಡ್‌ವೆಲ್. ನಾಲ್ಕೂ ಒಬ್ಬಳೇ.

ಹಳೇ ಕಾಲದ ಹೆಂಗಸರನ್ನು ದಾಖಲೆಗಳಲ್ಲಿ ಹುಡುಕುವಾಗ ಮೊದಲು ತಲೆಕೆಡಿಸುವುದೇ ಇದು. ಮದುವೆಯಾದ ಕೂಡಲೇ ಮನೆತನದ ಹೆಸರು ಹೋಗುತ್ತದೆ. ಹೆಸರಿನ ಹಿಂದೆ ಹೋದರೆ ದಾರಿ ಮಧ್ಯದಲ್ಲೇ ನಿಂತುಬಿಡುತ್ತದೆ. ಆದರೆ ಜಮೀನು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಯಾರು ಕೊಂಡರು, ಯಾರು ಮಾರಿದರು, ಯಾರಿಗೆ ವಿಲ್ ಬರೆದರು ಅಂತ ನೋಡುತ್ತಾ ಹೋದರೆ ಅದರ ಒಡತಿ ಸಿಗುತ್ತಾಳೆ. ಈ ವಿಡಿಯೋದಲ್ಲಿ ನಾನು ಮಾಡುವುದು ಅಷ್ಟೇ. ಜಮೀನಿನ ಬೆನ್ನು ಹತ್ತುತ್ತೇನೆ.

ಫ್ರಾನ್ಸಿಸ್ ಹುಟ್ಟಿದ್ದು ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ. ಹಾಲಿಂಗ್‌ಬೋರ್ನ್ ಊರಿನ ಚರ್ಚಿನ ಪುಸ್ತಕದಲ್ಲಿ 1634ರಲ್ಲಿ ಆಕೆಗೆ ನಾಮಕರಣವಾದ ದಾಖಲೆ ಇದೆ. ತಂದೆ ಥಾಮಸ್ ಕಲ್ಪೆಪರ್, ತಾಯಿ ಕ್ಯಾಥರೀನ್. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಕಡೆ ನಿಂತ ಮನೆತನ. ರಾಜ ಸೋತ, ಇವರೂ ಸೋತರು. 1650ರ ಹೊತ್ತಿಗೆ ಕುಟುಂಬ ವರ್ಜೀನಿಯಾಗೆ ಬಂತು.

1652ರಲ್ಲಿ ಮೊದಲ ಮದುವೆ. ಹುಡುಗ ಸ್ಯಾಮ್ಯುಯೆಲ್ ಸ್ಟೀಫನ್ಸ್. ಇವನ ಕಡೆಯ ಕತೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇವನ ತಾಯಿ ಎಲಿಜಬೆತ್‌ಳ ಬದುಕೂ ಇದೇ ದಾರಿಯದು. ಎಲಿಜಬೆತ್‌ಳ ತಂದೆ ಏಬ್ರಹಾಂ ಪಿಯರ್ಸಿ, ಆ ಕಾಲದ ವರ್ಜೀನಿಯಾದ ದೊಡ್ಡ ವ್ಯಾಪಾರಿ. ಗಂಡ ರಿಚರ್ಡ್ ಸ್ಟೀಫನ್ಸ್. ಗವರ್ನರ್ ಜಾನ್ ಹಾರ್ವಿ ಒಮ್ಮೆ ಜಗಳದಲ್ಲಿ ದೊಣ್ಣೆಯಿಂದ ಹೊಡೆದು ಈ ರಿಚರ್ಡನ ಹಲ್ಲು ಉದುರಿಸಿದ್ದ. ರಿಚರ್ಡ್ ತೀರಿಕೊಂಡ ಮೇಲೆ ಎಲಿಜಬೆತ್ ಮದುವೆಯಾಗಿದ್ದು ಅದೇ ಹಾರ್ವಿಯನ್ನು. ಈಗಿನ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಆ ವಸಾಹತಿನಲ್ಲಿ ಜ್ವರ, ಭೇದಿ ಬಂದು ಜನ ಬೇಗ ಸಾಯುತ್ತಿದ್ದರು. ಗಂಡಸರ ಸಂಖ್ಯೆ ಜಾಸ್ತಿ, ಹೆಂಗಸರ ಸಂಖ್ಯೆ ಕಡಿಮೆ. ಜಮೀನಿರುವ ವಿಧವೆ ಮತ್ತೆ ಮದುವೆಯಾಗುವುದು ಅಲ್ಲಿ ಮಾಮೂಲು. ಹಾಗಾಗಿ ಫ್ರಾನ್ಸಿಸ್ ಆ ಮನೆಗೆ ಕಾಲಿಡುವ ಮೊದಲೇ, ಅತ್ತೆ ಒಬ್ಬ ಗವರ್ನರನ ಹೆಂಡತಿಯಾಗಿ ಆಗಿತ್ತು.

ಈಗ ಮುಖ್ಯವಾದ ಕಾಗದಕ್ಕೆ ಬರೋಣ. ಮದುವೆಗೆ ಮುಂಚೆ ಒಂದು ಕರಾರು ಆಯಿತು. ಮಕ್ಕಳಿಲ್ಲದೆ ಸ್ಯಾಮ್ಯುಯೆಲ್ ಸತ್ತರೆ ಬೋಲ್ತ್ರೋಪ್ ಎಂಬ ತೋಟ ಫ್ರಾನ್ಸಿಸ್‌ಗೆ. 1,350 ಎಕರೆ.

ಇದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಆಗಿನ ಕಾನೂನು ಗೊತ್ತಿರಬೇಕು. ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಬೇರೆ ಅಸ್ತಿತ್ವವೇ ಇರಲಿಲ್ಲ. ಆಕೆಯ ಒಡವೆ, ದುಡ್ಡು, ದನಕರು ಗಂಡನದಾಗುತ್ತಿತ್ತು. ಆಕೆಯ ಜಮೀನಿನ ಉತ್ಪನ್ನವೂ ಅವನದೇ. ಗಂಡನ ಒಪ್ಪಿಗೆ ಇಲ್ಲದೆ ವಿಲ್ ಬರೆಯುವಂತಿಲ್ಲ. ಗಂಡ ಸತ್ತರೆ ಅವನ ಜಮೀನಿನಲ್ಲಿ ಮೂರನೇ ಒಂದು ಪಾಲು ಸಿಗುತ್ತಿತ್ತು. ಅದೂ ಬದುಕಿರುವವರೆಗೆ ಅನುಭವಿಸಲು ಮಾತ್ರ, ಮಾರಲು ಅಲ್ಲ. ಇದನ್ನು ಮೀರಿ ಏನಾದರೂ ಬೇಕಿದ್ದರೆ ಮದುವೆಗೆ ಮುಂಚೆಯೇ ಬರೆಸಿಕೊಳ್ಳಬೇಕು. ಸಹಿ ಹಾಕಿಸಿಕೊಳ್ಳಲು ಹೆಣ್ಣಿನ ಕಡೆಯವರಿಗೆ ಇದ್ದ ಸಮಯ ಅದೊಂದೇ. ಆಗ ಫ್ರಾನ್ಸಿಸ್‌ಗೆ ಸುಮಾರು 18 ವರ್ಷ. ಆಸ್ತಿ ಕಳೆದುಕೊಂಡು ಸಮುದ್ರ ದಾಟಿ ಬಂದ ಮನೆಯ ಹುಡುಗಿ. ಆ ಕಾಗದದ ಬೆಲೆ ಆ ಮನೆಯವರಿಗೆ ಚೆನ್ನಾಗಿಯೇ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಸ್ಯಾಮ್ಯುಯೆಲ್ 1667ರಲ್ಲಿ ದಕ್ಷಿಣದ ಆಲ್ಬೆಮಾರ್ಲ್ ವಸಾಹತಿನ ಗವರ್ನರ್ ಆದ. ಅದು ಇವತ್ತಿನ ನಾರ್ತ್ ಕರೊಲೈನಾ. ಎರಡು ವರ್ಷಕ್ಕೆಲ್ಲ ತೀರಿಕೊಂಡ. ಮಕ್ಕಳಿರಲಿಲ್ಲ. ಕರಾರಿನಂತೆ ಬೋಲ್ತ್ರೋಪ್ ಫ್ರಾನ್ಸಿಸ್‌ಗೆ ಬಂತು.

1670ರಲ್ಲಿ ಎರಡನೇ ಮದುವೆ. ಗಂಡ ಸರ್ ವಿಲಿಯಂ ಬರ್ಕ್ಲಿ, ವರ್ಜೀನಿಯಾದ ಗವರ್ನರ್. ಅವನಿಗೆ 60 ದಾಟಿತ್ತು, ಆಕೆಗೆ 36. ಮರುವರ್ಷವೇ ಬೋಲ್ತ್ರೋಪ್ ವಿಲಿಯಂ ಕೋಲ್ ಎಂಬ ಗಣ್ಯನಿಗೆ ಮಾರಾಟವಾಯಿತು. ಇವತ್ತು ಅದು ನ್ಯೂಪೋರ್ಟ್ ನ್ಯೂಸ್ ಊರಿನೊಳಗೆ ಸೇರಿಹೋಗಿದೆ. ಅಲ್ಲಿಗೂ ಹೋಗಿದ್ದೆ. ಸುತ್ತ ಮನೆಗಳು, ಡ್ರೈವ್‌ವೇಗಳು, ಹುಲ್ಲು ಕತ್ತರಿಸುವ ಮೆಷಿನ್ ಸದ್ದು.

ಕ್ರಯಪತ್ರಗಳ ವಿಷಯದಲ್ಲಿ ಒಂದು ಮಾತು. ಜಮೀನು ಹೆಂಡತಿಯದಾದರೂ ಪತ್ರದಲ್ಲಿ ಮೊದಲು ಬರುವುದು ಗಂಡನ ಹೆಸರು. ಆಮೇಲೆ 'ಮತ್ತು ಅವನ ಹೆಂಡತಿ ಇಂಥವಳು'. ಈ ಎರಡನೇ ಹೆಸರು ಕಂಡಾಗಲೆಲ್ಲ ನಿಂತು ನೋಡಿ. ಸುಮ್ನೆ ಬರೆದಿರುವುದಿಲ್ಲ. ಆಕೆಗೆ ಹಕ್ಕಿದೆ, ಕೊಳ್ಳುವವನಿಗೆ ಆ ಹಕ್ಕು ಬಿಟ್ಟುಕೊಟ್ಟ ಪುರಾವೆ ಬೇಕು, ಅದಕ್ಕೆ ಬರೆದಿರುತ್ತಾರೆ. 1674ರಲ್ಲಿ ವರ್ಜೀನಿಯಾದ ಅಸೆಂಬ್ಲಿ ಇದಕ್ಕೊಂದು ಕ್ರಮವನ್ನೇ ಮಾಡಿತು. ಹೆಂಡತಿಯನ್ನು ಗಂಡನಿಂದ ದೂರ ಕರೆದು, ನೀನು ಮನಸ್ಸಾರೆ ಒಪ್ಪಿದ್ದೀಯಾ ಅಂತ ಕೇಳಿ ಬರೆದುಕೊಳ್ಳಬೇಕು. ಎಷ್ಟು ಜನ ಹೆಂಗಸರು ಆ ಕೋಣೆಯಲ್ಲಿ 'ಇಲ್ಲ' ಅನ್ನಲು ಧೈರ್ಯ ಮಾಡಿರಬಹುದು? ಆದರೂ ಆ ಒಂದು ಸಾಲಿನಿಂದಾಗಿ ನೂರಾರು ಹೆಂಗಸರ ಹೆಸರು ನಮಗೆ ಉಳಿದಿದೆ.

ಸ್ಟೀಫನ್ಸ್ ಆಸ್ತಿಯಲ್ಲಿ ರೋನೋಕ್ ದ್ವೀಪವೂ ಇತ್ತು. ಹೌದು, ಅದೇ ರೋನೋಕ್. 1587ರಲ್ಲಿ ಅಲ್ಲಿಗೆ ಬಂದ ಇಂಗ್ಲಿಷರ ಇಡೀ ಊರೇ ಕಣ್ಮರೆಯಾಯಿತಲ್ಲ, ಆ ದ್ವೀಪ. 1676ರಲ್ಲಿ ಅದನ್ನು ನ್ಯೂ ಇಂಗ್ಲೆಂಡಿನ ವ್ಯಾಪಾರಿ ಜೋಶುವಾ ಲ್ಯಾಂಬ್‌ಗೆ 100 ಪೌಂಡಿಗೆ ಮಾರಿದರು. ಮಾರಿದವನು ಬರ್ಕ್ಲಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ದ್ವೀಪ ಅವನ ಕೈಗೆ ಬಂದಿದ್ದು ಹೆಂಡತಿಯಿಂದ. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಅದೇ ವರ್ಷ ನಥಾನಿಯಲ್ ಬೇಕನ್ ಗವರ್ನರ್ ಬರ್ಕ್ಲಿಯ ವಿರುದ್ಧ ದಂಗೆ ಎದ್ದ. ಅವನು ಫ್ರಾನ್ಸಿಸ್‌ಗೆ ನೆಂಟನೇ. ಜೇಮ್ಸ್‌ಟೌನ್ ಸುಟ್ಟುಹೋಯಿತು. ಗಂಡನ ಪರವಾಗಿ ರಾಜನ ಹತ್ತಿರ ಮಾತಾಡಲು ಫ್ರಾನ್ಸಿಸ್ ಲಂಡನ್ನಿಗೆ ಹೋದಳು. 1677ರಲ್ಲಿ ಬರ್ಕ್ಲಿಗೆ ವಾಪಸ್ ಬರಲು ಕರೆ ಬಂತು. ಹೋದವನು ಜುಲೈನಲ್ಲಿ ಅಲ್ಲೇ ಸತ್ತ.

ಅವನ ವಿಲ್ ಉಳಿದಿದೆ. ಅದರಲ್ಲಿ ಒಂದು ಮಾತು ಬರುತ್ತದೆ. ದೇವರು ನನಗೆ ಇನ್ನೂ ಹೆಚ್ಚು ಆಸ್ತಿ ಕೊಟ್ಟಿದ್ದರೆ ಅದನ್ನೂ ನನ್ನ ಪ್ರೀತಿಯ ಹೆಂಡತಿಗೇ ಬಿಡುತ್ತಿದ್ದೆ, ಅನ್ನುವ ಅರ್ಥದ ಮಾತು. ಈ ಮನುಷ್ಯ ದಂಗೆಕೋರರನ್ನು ಒಬ್ಬೊಬ್ಬರಾಗಿ ಗಲ್ಲಿಗೆ ಹಾಕಿಸಿದವನು. ಅವನ ಕೈಯಿಂದ ಇಂಥ ಮಾತು! ಇದರಲ್ಲಿ ಲೆಕ್ಕಾಚಾರವೂ ಇದೆ ನೋಡಿ. ಬದುಕಿರುವವರೆಗೆ ಮಾತ್ರ ಅಂತಲೋ, ಮರುಮದುವೆಯಾದರೆ ಇಲ್ಲ ಅಂತಲೋ ಆ ಕಾಲದ ಎಷ್ಟೋ ವಿಲ್‌ಗಳಲ್ಲಿ ಷರತ್ತು ಇರುತ್ತದೆ. ಇವನು ಗ್ರೀನ್ ಸ್ಪ್ರಿಂಗನ್ನು ಪೂರ್ತಿಯಾಗಿ ಆಕೆಗೇ ಕೊಟ್ಟ. ಜೊತೆಗೆ ಕರೊಲೈನಾ ವಸಾಹತಿನ ಎಂಟು ಒಡೆಯರಲ್ಲಿ ಒಬ್ಬನಾಗಿ ತನಗಿದ್ದ ಪಾಲೂ ಆಕೆಗೇ ಹೋಯಿತು.

ಆ ಪಾಲಿನ ಕತೆ ಕೇಳಿ. 1681ರಲ್ಲಿ ಅದನ್ನು ಜಾನ್ ಆರ್ಚ್‌ಡೇಲ್ ತನ್ನ ಮಗನ ಹೆಸರಿಗೆ ಕೊಂಡ. 1684ರಲ್ಲಿ ಅದೇ ಪಾಲನ್ನು ಬೇರೆ ನಾಲ್ವರಿಗೆ ಮಾರಿದ ಪತ್ರವೂ ಇದೆ! ಆ ತಕರಾರು ಆಕೆ ಸತ್ತ ಮೇಲೂ ಎಳೆದಾಡಿತು.

1684ರ ಪತ್ರದಲ್ಲಿ ಹೆಸರು ನೋಡಿ. ಫಿಲಿಪ್ ಲಡ್‌ವೆಲ್ ಮತ್ತು ಅವನ ಹೆಂಡತಿ. 1680ರ ಹೊತ್ತಿಗೆ ಆಕೆಯ ಮೂರನೇ ಮದುವೆ ಆಗಿತ್ತು. ಲಡ್‌ವೆಲ್ ಆಕೆಗಿಂತ ಸ್ವಲ್ಪ ಚಿಕ್ಕವನು, ಬರ್ಕ್ಲಿಯ ನಂಬಿಕಸ್ಥ. ಮದುವೆಯಾದರೂ ಆಕೆ 'ಲೇಡಿ ಬರ್ಕ್ಲಿ' ಎಂಬ ಹೆಸರು ಬಿಡಲಿಲ್ಲ. ಹುಡುಕುವವರಿಗೆ ಇದು ಬಹಳ ಮುಖ್ಯ. ಕಾನೂನು ಪತ್ರದಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು.

ನೀವೂ ಇಂಥ ಹುಡುಕಾಟಕ್ಕೆ ಇಳಿಯುವುದಾದರೆ ಕೆಲವು ವಿಷಯ ತಿಳಿದಿರಲಿ. ರಿಚ್ಮಂಡಿನ ಲೈಬ್ರರಿ ಆಫ್ ವರ್ಜೀನಿಯಾ ಹಳೇ ಜಮೀನು ಮಂಜೂರಾತಿಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಮನೆಯಲ್ಲೇ ಕೂತು ನೋಡಬಹುದು. ಈಗ ತೆರೆದಿರುವುದು ಅಂಥ ಒಂದು ಪುಟ. ಅಕ್ಷರಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಚೆಕ್ಕುಬಂದಿ ಹೇಳುವ ರೀತಿ ನೋಡಿ. ಗುರುತು ಮಾಡಿದ ಓಕ್ ಮರದಿಂದ ಶುರು, ಅಲ್ಲಿಂದ ಹಳ್ಳದವರೆಗೆ, ಹಳ್ಳದ ಗುಂಟ ಪಕ್ಕದವನ ಗಡಿಯವರೆಗೆ. ಪಕ್ಕದವನ ಹೆಸರನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಗಂಡ ಎಷ್ಟೋ ಸಲ ಪಕ್ಕದ ಜಮೀನಿನವನೇ ಆಗಿರುತ್ತಾನೆ. ಇನ್ನೊಂದು, 1752ರವರೆಗೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹಾಗಾಗಿ 1676ರ ಫೆಬ್ರವರಿ ಅಂದರೆ ನಮ್ಮ ಲೆಕ್ಕದಲ್ಲಿ 1677.

ಪುಟದ ಕೊನೆಗೆ ಸಾಲಾಗಿ ಹೆಸರುಗಳಿವೆ. ಹಡಗಿನ ಖರ್ಚು ಕೊಟ್ಟು ಒಬ್ಬರನ್ನು ಕರೆತಂದರೆ 50 ಎಕರೆ ಸಿಗುತ್ತಿತ್ತು. ಇವು ಹಾಗೆ ಬಂದವರ ಹೆಸರುಗಳು. ಕೂಲಿಯ ಕರಾರಿಗೆ ಬಂದ ಬಡ ಇಂಗ್ಲಿಷರು, ಆಫ್ರಿಕಾದಿಂದ ಹಿಡಿದು ತಂದವರು. ಕೆಲವರಿಗೆ ಪೂರ್ತಿ ಹೆಸರೂ ಬರೆದಿಲ್ಲ. ಫ್ರಾನ್ಸಿಸ್ ತನ್ನ ಹಕ್ಕು ಉಳಿಸಿಕೊಂಡ ಕತೆಯನ್ನು ನಾನು ಮೆಚ್ಚಿ ಹೇಳುತ್ತಿದ್ದೇನೆ, ನಿಜ. ಆದರೆ ಆ ಎಕರೆಗಳು ಹುಟ್ಟಿದ್ದು ಈ ಪಟ್ಟಿಯಿಂದ. ಅದಕ್ಕೂ ಮೊದಲು ಇದು ಪಾಸ್ಪಹೆಗ್ ಎಂಬ ಮೂಲನಿವಾಸಿ ಜನರ ನೆಲ. ಅವರಿಗೆ ಕ್ರಯಪತ್ರವೂ ಇಲ್ಲ, ವಿಲ್ಲೂ ಇಲ್ಲ.

ಸುಟ್ಟುಹೋದ ದಾಖಲೆಗಳೂ ಬಹಳ. ಗ್ರೀನ್ ಸ್ಪ್ರಿಂಗ್ ಇರುವ ಜೇಮ್ಸ್ ಸಿಟಿ ಕೌಂಟಿಯ ಪುಸ್ತಕಗಳನ್ನು ಭದ್ರವಾಗಿರಲಿ ಅಂತ ರಿಚ್ಮಂಡಿಗೆ ಸಾಗಿಸಿದ್ದರು. ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರ ಏಪ್ರಿಲ್ 3ರಂದು ಊರು ಹೊತ್ತಿ ಉರಿದಾಗ ಅವೂ ಹೋದವು. ಹಾಗಾಗಿ ಇಂಥ ಕೌಂಟಿಗಳ ಹೆಂಗಸರನ್ನು ಇಂಗ್ಲೆಂಡಿನ ವಿಲ್‌ಗಳಲ್ಲಿ, ಪಕ್ಕದ ಕೌಂಟಿಯ ಪುಸ್ತಕಗಳಲ್ಲಿ, ಅಸೆಂಬ್ಲಿಯ ಕಾಯ್ದೆಗಳಲ್ಲಿ ಹುಡುಕಬೇಕು.

ನಮ್ಮ ಕನ್ನಡದವರು ತುಂಬಾ ಜನ ಇರುವ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಿಗೂ ಈಕೆಯ ಮನೆತನಕ್ಕೂ ಸಂಬಂಧ ಇದೆ. ಪೊಟೊಮ್ಯಾಕ್ ಮತ್ತು ರ‍್ಯಾಪಹ್ಯಾನಕ್ ನದಿಗಳ ನಡುವಿನ ಸುಮಾರು 50 ಲಕ್ಷ ಎಕರೆ ಈಕೆಯ ದಾಯಾದಿ ಲಾರ್ಡ್ ಕಲ್ಪೆಪರ್ ಕೈ ಸೇರಿತ್ತು. ಅವನ ಮಗಳು ಕ್ಯಾಥರೀನ್ ಮದುವೆಯಾಗಿದ್ದು ಲಾರ್ಡ್ ಫೇರ್‌ಫ್ಯಾಕ್ಸ್‌ನನ್ನು. ಆ ನೆಲ ಮಗಳ ಮೂಲಕ ಹೋಯಿತು, ಉಳಿದ ಹೆಸರು ಮಾತ್ರ ಅಳಿಯನದು. ಇಲ್ಲಿ ಮನೆ ಕೊಂಡಿದ್ದರೆ ನಿಮ್ಮ ಪತ್ರವನ್ನು ಹಿಂದೆ ಹಿಂದೆ ಓದುತ್ತಾ ಹೋಗಿ, ಅಲ್ಲಿಗೇ ಮುಟ್ಟುತ್ತೀರಿ.

ಫ್ರಾನ್ಸಿಸ್ 1695ರ ಸುಮಾರಿಗೆ ತೀರಿಕೊಂಡಳು. ಮೂರು ಮದುವೆಯಲ್ಲೂ ಮಕ್ಕಳು ಉಳಿಯಲಿಲ್ಲ. ಹಾಗಾದರೆ ಗ್ರೀನ್ ಸ್ಪ್ರಿಂಗ್ ಯಾರಿಗೆ ಹೋಯಿತು? ಲಡ್‌ವೆಲ್‌ನ ಮೊದಲ ಹೆಂಡತಿ ಲೂಸಿ ಹಿಗ್ಗಿನ್ಸನ್. ಆಕೆಗೂ ಮೂರು ಮದುವೆ, ಲಡ್‌ವೆಲ್ ಮೂರನೆಯವನು. ಲೂಸಿ ಸತ್ತಾಗ ಮಗ ಫಿಲಿಪ್, ಮಗಳು ಜೇನ್ ಇಬ್ಬರೂ ಚಿಕ್ಕವರು. ಜೇನ್ ತನ್ನ ಒಬ್ಬ ಮಗಳಿಗೆ ಇಟ್ಟ ಹೆಸರು ಫ್ರಾನ್ಸಿಸ್. ಆ ಹೆಸರು ಮಲತಾಯಿಯ ಮೇಲಿನ ಪ್ರೀತಿಯಿಂದ ಬಂದಿದ್ದು ಅಂತಲೇ ನಾನು ಅಂದುಕೊಂಡಿದ್ದೇನೆ. ಆ ಹುಡುಗಿಯ ಮಗ ಡೇನಿಯಲ್ ಪಾರ್ಕ್ ಕಸ್ಟಿಸ್. ಅವನು ಸತ್ತ ಮೇಲೆ ಅವನ ವಿಧವೆ ಮಾರ್ಥಾ, ಜಾರ್ಜ್ ವಾಷಿಂಗ್ಟನ್‌ನನ್ನು ಮದುವೆಯಾದಳು.

ಎಸ್ಟೇಟ್ ಮಾತ್ರ ಜೇನ್‌ಳ ಸಹೋದರನ ಸಾಲಿನಲ್ಲೇ ಇಳಿಯಿತು. ಮಗ ಫಿಲಿಪ್, ಅವನ ಮಗ ಇನ್ನೊಬ್ಬ ಫಿಲಿಪ್. ಈ ಕೊನೆಯವನಿಗೆ ಉಳಿದದ್ದು ಹೆಣ್ಣುಮಕ್ಕಳು. 1767ರಲ್ಲಿ ಅವನು ಸತ್ತಾಗ ಗ್ರೀನ್ ಸ್ಪ್ರಿಂಗ್ ಮಗಳು ಹ್ಯಾನಾ ಪಾಲಿಗೆ ಬಂತು. ಹ್ಯಾನಾಳ ಗಂಡ ವಿಲಿಯಂ ಲೀ, ಮಗ ವಿಲಿಯಂ ಲಡ್‌ವೆಲ್ ಲೀ. 1803ರಲ್ಲಿ ತೀರಿಕೊಂಡ ಈ ಮಗನ ವಿಲ್ ಒಂದು ದೊಡ್ಡ ದಾಖಲೆ. ತನ್ನ ಒಡೆತನದಲ್ಲಿದ್ದ ಗುಲಾಮರೆಲ್ಲರಿಗೂ ಅವನು ಅದರಲ್ಲಿ ಬಿಡುಗಡೆ ಬರೆದ. ಎಸ್ಟೇಟಿನ ಜಮೀನಿನಲ್ಲೇ ಅವರಿಗೆ ಮನೆ ಕಟ್ಟಿಕೊಡಬೇಕು ಅಂತಲೂ ಬರೆದ. ಅಲ್ಲಿ ನೆಲೆ ನಿಂತವರಿಂದ ಸ್ವತಂತ್ರ ಕಪ್ಪು ಜನರ ಒಂದು ಊರೇ ಬೆಳೆಯಿತು. ಮುಂದಿನ ಭಾಗದಲ್ಲಿ ಆ ಮನೆತನಗಳ ಹೆಂಗಸರನ್ನು ಹುಡುಕುತ್ತೇನೆ. ಆ ವಿಲ್‌ನಿಂದಲೇ ಶುರು ಮಾಡುತ್ತೇನೆ.